ಹೆಣ್ಣುಮಕ್ಕಳ ಕ್ಯಾನ್ಸರ್ ಚಿಕಿತ್ಸೆ: ಮೊದಲ ಮದ್ದಿಗೆ ಮುಂಚೆ ಕೇಳಬೇಕಾದ ಮಾತು



ಅಡಿಕೆಗೆ ಬೋರ್ಡೋ ಮದ್ದು ಬಿಡುವ ಕಾಲ ಯಾವುದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮುಂಚೆ ಬಿಟ್ಟರೆ ಫಸಲು ಉಳಿಯುತ್ತದೆ. ಕೊಳೆ ಬಂದು ಉದುರಿದ ಕಾಯಿ ಮತ್ತೆ ಮರ ಸೇರುವುದಿಲ್ಲ. ಈ ಸಲ ಅಂಕಣದಲ್ಲಿ ಬರೆಯುತ್ತಿರುವುದು ಆರೋಗ್ಯದ ವಿಷಯವಾದರೂ ಅದೂ ಹೀಗೆಯೇ ಕಾಲವನ್ನು ಕಾಯದ ವಿಷಯ. ಹೆಣ್ಣುಮಗುವಿಗೆ ಕ್ಯಾನ್ಸರಿನಂಥ ಕಾಯಿಲೆ ಬಂದು ಕಠಿಣ ಚಿಕಿತ್ಸೆ ಕೊಡಬೇಕಾದಾಗ, ಮುಂದೆ ಅವಳು ತಾಯಿಯಾಗುವ ಶಕ್ತಿಯನ್ನು ಉಳಿಸಿಕೊಳ್ಳಲು ಏನಾದರೂ ಮಾಡಬಹುದೇ ಎಂಬುದು ಪ್ರಶ್ನೆ.

ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನ ತಂದೆತಾಯಿಯ ಬಾಯಲ್ಲಿ ಬರುವುದು ಒಂದೇ ಪ್ರಶ್ನೆ: ಮಗು ಬದುಕುತ್ತದೆಯೇ? ಅದು ಸಹಜ, ಅದೇ ಮೊದಲು ಬರಬೇಕಾದ್ದು. ಆದರೆ ಹಿಂದಿನ ಕಾಲದಂತೆ ಮಕ್ಕಳ ಕ್ಯಾನ್ಸರ್ ಎಂದರೆ ಮರಣವೇ ಎಂದು ತಿಳಿಯುವ ಕಾಲ ಇಂದಿಲ್ಲ. ಮುಂದುವರಿದ ದೇಶಗಳಲ್ಲಿ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ನಮ್ಮ ದೇಶದಲ್ಲಿಯೂ ಹೊತ್ತಿಗೆ ಸರಿಯಾಗಿ ಒಳ್ಳೆಯ ಆಸ್ಪತ್ರೆಗೆ ತಲುಪಿ, ಚಿಕಿತ್ಸೆಯನ್ನು ಅರ್ಧದಲ್ಲಿ ಬಿಡದೆ ಮುಗಿಸಿದ ಮಕ್ಕಳಲ್ಲಿ ಅನೇಕರು ಬೆಳೆದು ದೊಡ್ಡವರಾಗಿದ್ದಾರೆ. ಬದುಕುವ ಮಗುವಿಗೆ ನಾಳೆ ಎಂಬುದೊಂದಿದೆ. ಆದುದರಿಂದ ಎರಡನೆಯ ಪ್ರಶ್ನೆಯನ್ನೂ ಅಂದೇ ಕೇಳಬೇಕಾಗಿದೆ.

ಬಿತ್ತನೆ ಬೀಜದ ಲೆಕ್ಕ

ಗಂಡಸಿನ ಶರೀರದಲ್ಲಿ ಪ್ರಾಯಕ್ಕೆ ಬಂದ ಮೇಲೆ ಬೀಜಾಣುಗಳು ದಿನವೂ ಹೊಸದಾಗಿ ಉತ್ಪತ್ತಿಯಾಗುತ್ತವೆ. ಹೆಣ್ಣಿನಲ್ಲಿ ಹಾಗಲ್ಲ. ಅವಳ ಜೀವಮಾನಕ್ಕೆ ಬೇಕಾದ ಅಂಡಗಳೆಲ್ಲ ಅವಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಆಗಿರುತ್ತವೆ. ಹುಟ್ಟುವಾಗ ಎರಡು ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಗಳಿರುತ್ತವೆ. ಮುಟ್ಟು ಪ್ರಾರಂಭವಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಇವುಗಳಲ್ಲಿ ಪಕ್ವವಾಗಿ ಹೊರಬರುವುದು ಜೀವಮಾನದಲ್ಲಿ ಸುಮಾರು ನಾನೂರು ಮಾತ್ರ. ನಮ್ಮ ಹಿರಿಯರು ಮುಡಿ ಕಟ್ಟಿ ಇಟ್ಟ ಬೀಜದ ಭತ್ತದಂತೆ ಇದು ಇಟ್ಟ ದಾಸ್ತಾನು. ಖರ್ಚಾದರೆ ಮತ್ತೆ ತುಂಬುವುದಿಲ್ಲ.

ಕ್ಯಾನ್ಸರಿಗೆ ಕೊಡುವ ಕೆಲವು ಮದ್ದುಗಳೂ ವಿಕಿರಣವೂ ರೋಗದ ಕಣಗಳ ಜೊತೆಗೆ ಈ ಅಂಡಗಳನ್ನೂ ನಾಶಮಾಡುತ್ತವೆ. ದಾಸ್ತಾನು ಪೂರ್ತಿ ಮುಗಿದರೆ ಹುಡುಗಿ ಪ್ರಾಯಕ್ಕೆ ಬರುವುದೇ ಇಲ್ಲ, ಅಥವಾ ಬಂದ ಮುಟ್ಟು ನಿಂತುಹೋಗುತ್ತದೆ. ಅರ್ಧ ಮುಗಿದರೆ ಈಗ ಎಲ್ಲವೂ ಸರಿಯಿರುವಂತೆ ಕಂಡರೂ, ಇಪ್ಪತ್ತೈದು ಮೂವತ್ತರ ವಯಸ್ಸಿಗೇ ಮುಟ್ಟು ನಿಲ್ಲಬಹುದು.

ಎಲ್ಲ ಚಿಕಿತ್ಸೆಯಿಂದಲೂ ಅಪಾಯವಿಲ್ಲ

ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ) ಕೊಡುವ ಸಾಮಾನ್ಯ ಚಿಕಿತ್ಸೆಯಿಂದ ಅಂಡಾಶಯಕ್ಕೆ ಆಗುವ ಹಾನಿ ಕಡಿಮೆ. ಅಂಥ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಸಹಜವಾಗಿಯೇ ತಾಯಂದಿರಾಗುತ್ತಾರೆ. ಹೆಚ್ಚು ಅಪಾಯವಿರುವುದು ಈ ಕೆಳಗಿನ ಸಂದರ್ಭಗಳಲ್ಲಿ:

1. ಸೈಕ್ಲೋಫಾಸ್ಫಮೈಡ್, ಐಫಾಸ್ಫಮೈಡ್, ಪ್ರೊಕಾರ್ಬಜಿನ್, ಬುಸಲ್ಫಾನ್, ಮೆಲ್ಫಲಾನ್ ಮೊದಲಾದ ಒಂದೇ ಗುಂಪಿನ ಮದ್ದುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡುವಾಗ.

2. ಕಿಬ್ಬೊಟ್ಟೆಗೆ, ಸೊಂಟದ ಭಾಗಕ್ಕೆ ಅಥವಾ ಇಡೀ ಶರೀರಕ್ಕೆ ವಿಕಿರಣ (ನಮ್ಮವರು 'ಕರೆಂಟು ಕೊಡುವುದು' ಎನ್ನುತ್ತಾರೆ) ಕೊಡುವಾಗ.

3. ಅಸ್ಥಿಮಜ್ಜೆ ಬದಲಿಸುವ ಮುಂಚೆ ಕೊಡುವ ಬಲವಾದ ಮದ್ದಿನಿಂದ. ಇದು ಕ್ಯಾನ್ಸರಿಗೆ ಮಾತ್ರವಲ್ಲ, ಥಲಸ್ಸೇಮಿಯಾ, ಸಿಕಲ್ ಸೆಲ್, ಏಪ್ಲಾಸ್ಟಿಕ್ ಅನೀಮಿಯಾ ಎಂಬ ರಕ್ತದ ಕಾಯಿಲೆಗಳಿಗೂ ಅನ್ವಯಿಸುತ್ತದೆ.

ಲೂಪಸ್ ಎಂಬ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟ ಹುಡುಗಿಯರಿಗೂ ಸೈಕ್ಲೋಫಾಸ್ಫಮೈಡ್ ಕೊಡುವುದುಂಟು. ಆದುದರಿಂದ "ನಮ್ಮದು ಕ್ಯಾನ್ಸರ್ ಅಲ್ಲವಲ್ಲ" ಎಂದು ಸುಮ್ಮನಿರಬಾರದು.

ಏನೇನು ಮಾಡಬಹುದು?

ಸೊಂಟದ ಭಾಗಕ್ಕೆ ವಿಕಿರಣ ಕೊಡುವುದಾದರೆ, ಸಣ್ಣ ಶಸ್ತ್ರಕ್ರಿಯೆಯಿಂದ ಅಂಡಾಶಯವನ್ನು ವಿಕಿರಣ ಬೀಳುವ ಜಾಗದಿಂದ ಆಚೆಗೆ ಸರಿಸಿ ಕಟ್ಟಿಡಬಹುದು. ಇದರಿಂದ ಹಾನಿ ಕಡಿಮೆಯಾಗುತ್ತದೆ. ಆದರೆ ಮದ್ದಿನಿಂದ ಆಗುವ ಹಾನಿಯನ್ನು ಇದು ತಡೆಯದು.

ಮುಟ್ಟಾದ ಹುಡುಗಿಯರಲ್ಲಿ ಹತ್ತರಿಂದ ಹದಿನಾಲ್ಕು ದಿನ ಹಾರ್ಮೋನು ಚುಚ್ಚುಮದ್ದು ಕೊಟ್ಟು, ಪಕ್ವವಾದ ಅಂಡಗಳನ್ನು ತೆಗೆದು ಶೀತಲೀಕರಿಸಿ ಇಡುವ ಕ್ರಮವಿದೆ. ಇದಕ್ಕೆ ಎರಡು ವಾರ ಕಾಯುವಷ್ಟು ಸಮಯ ಬೇಕು.

ಇನ್ನೂ ಮುಟ್ಟಾಗದ ಸಣ್ಣ ಹುಡುಗಿಯರಲ್ಲಿ ಅದು ಸಾಧ್ಯವಿಲ್ಲ. ಅವರಿಗೆ ಇರುವ ದಾರಿ ಅಂಡಾಶಯದ ಒಂದು ಭಾಗವನ್ನು, ಕೆಲವೊಮ್ಮೆ ಒಂದು ಅಂಡಾಶಯವನ್ನೇ, ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ತೆಗೆದು ಶೀತಲೀಕರಿಸಿ ಇಡುವುದು. ಹಸುವಿಗೆ ಇಂಜೆಕ್ಷನ್ ಕೊಡಲು ಬರುವವರ ಕೈಯಲ್ಲಿ ಹೊಗೆಯಾಡುವ ಕ್ಯಾನ್ ಒಂದನ್ನು ನೀವು ನೋಡಿದ್ದೀರಿ. ಅದರಲ್ಲಿರುವುದು ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ. ಅಂಡಾಶಯದ ತುಣುಕುಗಳನ್ನು ಕಾಪಾಡುವುದೂ ಅದೇ ಚಳಿಯಲ್ಲಿ. ಹುಡುಗಿ ಗುಣವಾಗಿ, ಬೆಳೆದು, ಮದುವೆಯಾದ ಮೇಲೆ ಆ ತುಣುಕುಗಳನ್ನು ಅವಳ ಶರೀರಕ್ಕೇ ಮರಳಿ ಕಸಿ ಮಾಡಬಹುದು. ಕಸಿ ಹಿಡಿದರೆ ಕೆಲವು ತಿಂಗಳಲ್ಲಿ ಅದು ಕೆಲಸ ಮಾಡತೊಡಗುತ್ತದೆ.

ಈ ವಿಧಾನದಿಂದ ಮೊದಲ ಮಗು ಜನಿಸಿದ್ದು 2004ರಲ್ಲಿ, ಬೆಲ್ಜಿಯಂ ದೇಶದಲ್ಲಿ. ಆ ತಾಯಿ ಸಹಜವಾಗಿಯೇ ಗರ್ಭ ಧರಿಸಿದ್ದಳು. ಸಿಕಲ್ ಸೆಲ್ ರೋಗವಿದ್ದ ಒಬ್ಬ ಹುಡುಗಿಯಿಂದ ಮುಟ್ಟು ಆರಂಭವಾಗುವ ಮುಂಚೆಯೇ ತೆಗೆದಿಟ್ಟ ತುಣುಕಿನಿಂದ 2014ರಲ್ಲಿ ಬ್ರಸೆಲ್ಸಿನಲ್ಲಿ ಮಗುವಾಯಿತು. ಇದುವರೆಗೆ ಪ್ರಪಂಚದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದ್ದಾರೆ. 2019ರಲ್ಲಿ ಅಮೆರಿಕನ್ ಸೊಸೈಟಿ ಫಾರ್ ರಿಪ್ರೊಡಕ್ಟಿವ್ ಮೆಡಿಸಿನ್ ಸಂಸ್ಥೆಯು ಇದನ್ನು ಇನ್ನು ಪ್ರಯೋಗವೆಂದು ಕರೆಯಬೇಕಾಗಿಲ್ಲ ಎಂದು ಹೇಳಿತು.

ಆದರೂ ಇದು ಖಾತ್ರಿಯಲ್ಲ. ಕಸಿ ಮಾಡಿಸಿಕೊಂಡ ಮಹಿಳೆಯರಲ್ಲಿ ಮಗು ಪಡೆದವರು ಸುಮಾರು ನಾಲ್ವರಲ್ಲಿ ಒಬ್ಬರು. ಅವರಲ್ಲಿಯೂ ಹೆಚ್ಚಿನವರು ತುಣುಕು ತೆಗೆಯುವಾಗಲೇ ವಯಸ್ಕರಾಗಿದ್ದವರು. ಕಸಿಯ ಆಯುಷ್ಯವೂ ಸಾಮಾನ್ಯವಾಗಿ ಕೆಲವೇ ವರ್ಷ. ರಕ್ತದ ಕ್ಯಾನ್ಸರಿನಲ್ಲಿ ತೆಗೆದಿಟ್ಟ ತುಣುಕಿನೊಳಗೆ ರೋಗದ ಕಣಗಳು ಅಡಗಿರಬಹುದಾದ್ದರಿಂದ ಮರಳಿ ಕಸಿ ಮಾಡುವುದರಲ್ಲಿ ವಿಶೇಷ ಅಪಾಯವಿದೆ. ಈ ಮಿತಿಗಳನ್ನು ತಿಳಿದೇ ನಿರ್ಧರಿಸಬೇಕು.

ಧರ್ಮಸಭೆಯ ಬೋಧನೆ

"ಫಾದರ್, ಮಗಳು ಬಂಜೆಯಾಗಬಹುದು ಎಂದು ತಿಳಿದೂ ಚಿಕಿತ್ಸೆಗೆ ಒಪ್ಪುವುದು ಪಾಪವೇ?" ಎಂದು ಕೇಳುವವರಿದ್ದಾರೆ. ಅಲ್ಲ. ಜಗದ್ಗುರು ಆರನೇ ಪೌಲರು 1968ರಲ್ಲಿ ಹೊರಡಿಸಿದ 'ಹ್ಯುಮಾನೆ ವೀಟೆ' ಎಂಬ ವಿಶ್ವಪತ್ರದ 15ನೇ ಪರಿಚ್ಛೇದವು ಇದನ್ನು ಸ್ಪಷ್ಟಪಡಿಸಿದೆ. ರೋಗವನ್ನು ಗುಣಪಡಿಸಲು ನಿಜವಾಗಿ ಬೇಕಾದ ಚಿಕಿತ್ಸೆಯಿಂದ ಸಂತಾನಶಕ್ತಿಗೆ ತಡೆಯುಂಟಾಗುವುದೆಂದು ಮುಂಚೆಯೇ ತಿಳಿದಿದ್ದರೂ, ಆ ತಡೆ ನಮ್ಮ ಉದ್ದೇಶವಲ್ಲದಿರುವಾಗ, ಚಿಕಿತ್ಸೆ ನ್ಯಾಯಸಮ್ಮತವೇ. ಚಿಕಿತ್ಸೆಯನ್ನು ಈ ಕಾರಣಕ್ಕಾಗಿ ನಿರಾಕರಿಸಿ ಮಗುವಿನ ಜೀವಕ್ಕೆ ಕುತ್ತು ತರಬಾರದು.

ಸಂತಾನಶಕ್ತಿಯನ್ನು ಉಳಿಸಲು ಮಾಡುವ ಪ್ರಯತ್ನ ಒಳ್ಳೆಯದೇ, ಆದರೆ ಎಲ್ಲ ದಾರಿಗಳೂ ಒಂದೇ ಅಲ್ಲ. ಗಂಡಹೆಂಡಿರ ಮಿಲನಕ್ಕೆ ನೆರವಾಗುವ ವೈದ್ಯಕೀಯವನ್ನು ಧರ್ಮಸಭೆ ಸ್ವಾಗತಿಸುತ್ತದೆ, ಅದರ ಸ್ಥಾನವನ್ನೇ ಕಸಿದುಕೊಳ್ಳುವ ವಿಧಾನವನ್ನು ಒಪ್ಪುವುದಿಲ್ಲ. ಈ ಭೇದವನ್ನು 1987ರ 'ದೋನುಮ್ ವೀಟೆ' ಬೋಧಿಸಿತು. ಕೃತಕ ಗರ್ಭಧಾರಣೆಗಾಗಿ ಅಂಡಗಳನ್ನು ಶೀತಲೀಕರಿಸುವುದು ಸಲ್ಲದೆಂದು 2008ರ 'ದಿಗ್ನಿತಾಸ್ ಪೆರ್ಸೋನೆ' ಹೇಳಿತು. ಅಂಡಾಶಯವನ್ನು ಸರಿಸಿ ಕಟ್ಟುವುದರಲ್ಲಿ ಈ ತೊಡಕು ಇಲ್ಲ. ತನ್ನದೇ ಅಂಡಾಶಯದ ತುಣುಕನ್ನು ಅದರ ಜಾಗಕ್ಕೆ ಮರಳಿ ಇಟ್ಟು, ವಿವಾಹ ಜೀವನದಲ್ಲಿ ಸಹಜವಾಗಿ ಗರ್ಭ ಧರಿಸುವುದು ಕೆಟ್ಟ ಅಂಗವನ್ನು ಸರಿಪಡಿಸಿದಂತೆಯೇ ಎಂದು ಹಲವು ಕಥೋಲಿಕ ನೀತಿಶಾಸ್ತ್ರಜ್ಞರು ಒಪ್ಪುತ್ತಾರೆ. ಸಂದೇಹವಿದ್ದವರು ಧರ್ಮಗುರುಗಳೊಡನೆ ಸಂಕೋಚವಿಲ್ಲದೆ ಮಾತನಾಡಬಹುದು.

ಡಾಕ್ಟರರ ಬಳಿ ಕೇಳಬೇಕಾದ್ದು

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗಾಗಲಿ, ಮಂಗಳೂರಿಗಾಗಲಿ, ತಿರುವನಂತಪುರಕ್ಕಾಗಲಿ ಹೋಗುವವರು ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಮದ್ದು ಪ್ರಾರಂಭಿಸುವ ಮುಂಚೆಯೇ ಕೇಳಿರಿ:

* ಈ ಚಿಕಿತ್ಸೆಯಿಂದ ಮಗಳ ಅಂಡಾಶಯಕ್ಕೆ ಅಪಾಯ ಹೆಚ್ಚೋ ಕಡಿಮೆಯೋ?
* ಏನಾದರೂ ಮಾಡಲು ಸಮಯವಿದೆಯೇ? ಎಷ್ಟು ದಿನ ತಡೆಯಬಹುದು?
* ಅವಳ ರೋಗದ ಸ್ಥಿತಿಯಲ್ಲಿ ತುಣುಕು ತೆಗೆದಿಡುವುದು ಸುರಕ್ಷಿತವೇ? ಮುಂದೆ ಮರಳಿ ಇಡಲು ಸಾಧ್ಯವೇ?
* ಬೇರೆ ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡುವಾಗಲೇ ಇದನ್ನೂ ಮಾಡಬಹುದೇ?
* ಈ ಸೌಲಭ್ಯ ಎಲ್ಲಿದೆ? ತೆಗೆಯಲು ಎಷ್ಟು, ವರ್ಷಂಪ್ರತಿ ಇಡಲು ಎಷ್ಟು ಖರ್ಚು?

ಎಲ್ಲ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ. ಮಣಿಪಾಲ, ವೆಲ್ಲೂರಿನಂಥ ದೊಡ್ಡ ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಲು ನಿಮ್ಮ ಡಾಕ್ಟರರಿಂದಲೇ ಪತ್ರ ಕೇಳಿ. ಖರ್ಚು ಇದೆ, ಸಾಲ ಮಾಡಿ ಇದನ್ನು ಮಾಡಿಸಲೇಬೇಕೆಂದು ನಾನು ಹೇಳುವುದಿಲ್ಲ. ಚಿಕಿತ್ಸೆಗೆ ಕೂಡಿಟ್ಟ ಹಣವನ್ನು ಇದಕ್ಕೆ ತೆಗೆಯಲೂಬಾರದು. ಆದರೆ ಕೇಳಲು ಹಣ ಬೇಡ. "ಮಗುವಿನ ಸ್ಥಿತಿ ಗಂಭೀರ, ಇಂದೇ ಮದ್ದು ಕೊಡಬೇಕು" ಎಂದು ಡಾಕ್ಟರು ಹೇಳಿದರೆ ಮರುಮಾತಿಲ್ಲದೆ ಒಪ್ಪಿರಿ. ಮೊದಲ ಮದ್ದು ಆಗಿಹೋಯಿತೆಂದು ನಿರಾಶರಾಗಬೇಕಾಗಿಲ್ಲ. ಅಸ್ಥಿಮಜ್ಜೆ ಬದಲಾವಣೆಯಂಥ ದೊಡ್ಡ ಚಿಕಿತ್ಸೆಗೆ ಮುಂಚೆ ಮತ್ತೊಮ್ಮೆ ಕೇಳಬಹುದು.

ಮಗಳನ್ನು ಮರೆತು ಮಾತಾಡಬೇಡಿ. ಹತ್ತು ಹನ್ನೆರಡು ವರ್ಷದ ಹುಡುಗಿಗೆ ಅವಳಿಗೆ ಅರ್ಥವಾಗುವಷ್ಟನ್ನು ಅಮ್ಮನೋ ಚಿಕ್ಕಮ್ಮನೋ ಪಕ್ಕದಲ್ಲಿ ಕೂತು ಹೇಳಬೇಕು. ಶರೀರ ಅವಳದು.

ಗುಣವಾದ ಮೇಲೆ

ಚಿಕಿತ್ಸೆ ಮುಗಿದ ಎಲ್ಲ ಹುಡುಗಿಯರನ್ನೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಹದಿಮೂರು ತುಂಬಿದರೂ ಎದೆಯ ಬೆಳವಣಿಗೆ ಕಾಣದಿದ್ದರೆ, ಬರುತ್ತಿದ್ದ ಮುಟ್ಟು ನಿಂತರೆ ತಡಮಾಡಬಾರದು. ಅಂಡಾಶಯ ಕೆಲಸ ನಿಲ್ಲಿಸಿದರೆ ಎಲುಬುಗಳೂ ಸಡಿಲವಾಗುತ್ತವೆ. ಅದಕ್ಕೆ ಹಾರ್ಮೋನು ಮಾತ್ರೆಗಳಿವೆ. ಕೊಟ್ಟ ಮದ್ದುಗಳ ಹೆಸರು, ಪ್ರಮಾಣ, ವಿಕಿರಣದ ವಿವರವಿರುವ ಕಾಗದಗಳನ್ನು ಜಾಗದ ಪತ್ರದಷ್ಟೇ ಜೋಪಾನವಾಗಿಡಿ.

ಇನ್ನು ಮದುವೆಯ ವಿಷಯ. ಸಂಬಂಧ ತಪ್ಪೀತೆಂದು ಕಾಯಿಲೆಯನ್ನೇ ಮುಚ್ಚಿಡುವ ಮನೆಗಳಿವೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1084ನೇ ವಿಧಿಯು, ಬಂಜೆತನವು ವಿವಾಹವನ್ನು ತಡೆಯುವುದೂ ಇಲ್ಲ, ಅಸಿಂಧುಗೊಳಿಸುವುದೂ ಇಲ್ಲ ಎನ್ನುತ್ತದೆ. ಮಕ್ಕಳಾಗದ ಹೆಣ್ಣಿಗೂ ವಿವಾಹ ಸಂಸ್ಕಾರದ ಪೂರ್ಣ ಹಕ್ಕಿದೆ. ಆದರೆ ಒಪ್ಪಿಗೆ ಪಡೆಯುವುದಕ್ಕಾಗಿ ಇಂಥ ವಿಷಯದಲ್ಲಿ ವಂಚಿಸಿದರೆ, 1098ನೇ ವಿಧಿಯಂತೆ ವಿವಾಹವೇ ಅಸಿಂಧುವಾಗಬಹುದು. ಆದುದರಿಂದ ನಿಶ್ಚಿತಾರ್ಥಕ್ಕೆ ಮುಂಚೆಯೇ ನಿಜ ಹೇಳಿ. ಗಂಡಿನ ಮನೆಯವರಿಗೂ ಒಂದು ಮಾತು: ಮರಣವನ್ನು ಎದುರಿಸಿ ಬಂದ ಹುಡುಗಿಯನ್ನು ಫಲ ಬಿಡದ ಮರವೆಂದು ಕರೆಯುವ ಬಾಯಿ ನಮ್ಮ ಧರ್ಮಕೇಂದ್ರದಲ್ಲಿ ಇರಬಾರದು. ಸಂತಾನ ದೇವರ ವರವೇ ಹೊರತು ಯಾರೂ ಹಕ್ಕಿನಿಂದ ಕೇಳತಕ್ಕದ್ದಲ್ಲ. ದತ್ತು ಪಡೆದ ಮಗುವೂ ಅದೇ ವರ.

ಯಾಯೀರನ ಮಗಳಿಗೆ ಹನ್ನೆರಡು ವರ್ಷ ಎಂದು ಸಂತ ಮಾರ್ಕನು ಬರೆದಿದ್ದಾನೆ. ಪ್ರಭು ಯೇಸು ಅವಳ ಕೈಹಿಡಿದು ಎಬ್ಬಿಸಿದರು. ಎಲ್ಲರೂ ಬೆರಗಾಗಿ ನಿಂತಿದ್ದಾಗ ಅವಳಿಗೆ ಊಟ ಕೊಡಲು ನೆನಪಿಸಿದವರೂ ಅವರೇ. ಜೀವ ಉಳಿಸಿದ ಪ್ರಭು ಅವಳ ಮುಂದಿನ ಹೊತ್ತಿನ ಅಗತ್ಯವನ್ನೂ ಮರೆಯಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಕಲಿಯಬೇಕಾದ ಪಾಠ ಇದು. ಈ ಪುಟವನ್ನು ಓದಿದವರು ಪಕ್ಕದ ಮನೆಯವರಿಗೂ ದಾಟಿಸಿರಿ. ನಮ್ಮಲ್ಲಿ ಕಾಯಿಲೆಯಿಂದ ಬಳಲುವ ಎಲ್ಲ ಮಕ್ಕಳನ್ನೂ ಅವರ ತಂದೆತಾಯಂದಿರನ್ನೂ ಭಾನುವಾರದ ಬಲಿಪೂಜೆಯಲ್ಲಿ ನೆನೆಯೋಣ.

ನಿಮ್ಮ ಧರ್ಮಗುರು