ಹಳೆಯ ಫಿಯೆಟ್‌ಗೆ ಬೇರೆ ಕಾರಿನ ಎಂಜಿನ್ ಕೂರಿಸಬಹುದೇ?

ಪ್ರಶ್ನೆ: ತಂದೆಯವರು ಕೊಂಡ 1986ರ ಪ್ರೀಮಿಯರ್ ಪದ್ಮಿನಿ ನಮ್ಮ ಮನೆಯಲ್ಲಿದೆ. ಬಾಡಿ ಗಟ್ಟಿಯಾಗಿದೆ, ಆದರೆ ಎಂಜಿನ್ ಆಯಿಲ್ ಕುಡಿಯುತ್ತದೆ, ಘಾಟಿ ಹತ್ತುವಾಗ ದಮ್ಮಿಲ್ಲ. ಪುಣೆಯಿಂದ ಬೆಳಗಾವಿಗೆ ಇದರಲ್ಲೇ ಹೋಗಿಬರಬೇಕೆಂಬ ಆಸೆ. ಒಬ್ಬ ಮೆಕ್ಯಾನಿಕ್ ಮಟಡೋರ್‌ನ ಡೀಸೆಲ್ ಎಂಜಿನ್ ಹಾಕಿಸಿ ಎನ್ನುತ್ತಾರೆ. ಗೆಳೆಯರೊಬ್ಬರು ಮಾರುತಿ ಎಸ್ಟೀಮ್ ಎಂಜಿನ್ ಎನ್ನುತ್ತಾರೆ, ಇನ್ನೊಬ್ಬರು 118 ಎನ್‌ಇ ಕಾರಿನ ಎಂಜಿನ್ ಎನ್ನುತ್ತಾರೆ. ನಮ್ಮ ಸೋದರಮಾವ ಹಿಂದೆ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಹಾಕಿಸಿ ಆರ್‌ಸಿ ಪುಸ್ತಕದಲ್ಲೂ ಬರೆಸಿದ್ದರು. ಹಾಗಾದರೆ ನಾನು ಯಾವುದನ್ನು ಆರಿಸಲಿ?
— ಓದುಗರೊಬ್ಬರು, ಚಿಂಚವಾಡ, ಪುಣೆ

ಉತ್ತರ: ಹಳೆಯ ಕಾರನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರಿಗೆಲ್ಲ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ. ಮೂವರು ಮೂರು ಎಂಜಿನ್ ಹೇಳಿದಾಗ ಗೊಂದಲವಾಗುವುದು ಸಹಜ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೆ ಸೇರಿಕೊಂಡಿವೆ. ಈ ಕಾರಿನಲ್ಲಿ ಯಾವ ಎಂಜಿನ್ ಕೂರುತ್ತದೆ ಎಂಬುದು ಮೊದಲನೆಯದು. ಹಾಗೆ ಕೂರಿಸಿದ ಕಾರನ್ನು ರಸ್ತೆಯಲ್ಲಿ ಓಡಿಸಲು ಕಾನೂನು ಒಪ್ಪುತ್ತದೆಯೇ ಎಂಬುದು ಎರಡನೆಯದು. ಇವನ್ನು ಬೇರ್ಪಡಿಸಿ ನೋಡಿದರೆ ಉತ್ತರ ಸುಲಭವಾಗುತ್ತದೆ.

ಮೊದಲಿಗೆ ಒಂದು ಮಾತು. ಒಂದು ಕಂಪನಿಯ ಬಾಡಿಗೆ ಇನ್ನೊಂದು ಕಂಪನಿಯ ಎಂಜಿನ್ ಕೂರಿಸುವುದು ವಿಚಿತ್ರ ಆಲೋಚನೆಯೇನಲ್ಲ. ನಮ್ಮ ಕಾರ್ಖಾನೆಗಳೇ ಅದನ್ನು ಮಾಡಿವೆ. ಪ್ರೀಮಿಯರ್ ಕಂಪನಿ 1985ರಲ್ಲಿ ತಂದ 118 ಎನ್‌ಇ ಕಾರಿನ ಬಾಡಿ ಫಿಯೆಟ್ 124ರ ವಂಶದ್ದು, ಎಂಜಿನ್ ಮಾತ್ರ ನಿಸಾನ್‌ನ 1171 ಸಿಸಿಯ ಎ12. ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಬಾಡಿಯದು. ಅದಕ್ಕೆ ಮೊದಲು ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಇತ್ತು, ಆಮೇಲೆ ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ ಬಂತು. ಮುಂದೆ ಅಂಬಾಸಿಡರ್‌ಗೂ ಇಸುಜು ಎಂಜಿನ್ ಹಾಕಿದರು. ಮಹೀಂದ್ರ ಜೀಪುಗಳಲ್ಲಿ ಫ್ರಾನ್ಸಿನ ಪ್ಯೂಜೊ ಡೀಸೆಲ್ ಎಂಜಿನ್ ವರ್ಷಗಟ್ಟಲೆ ಓಡಿತು. ಆದರೆ ಕಾರ್ಖಾನೆ ಎಂಜಿನ್ ಬದಲಿಸುವಾಗ ಅದರ ಜೊತೆಗೆ ಗೇರ್‌ಬಾಕ್ಸ್, ಸ್ಪ್ರಿಂಗ್, ರೇಡಿಯೇಟರ್, ಬ್ರೇಕ್ ಎಲ್ಲದರ ಲೆಕ್ಕವನ್ನೂ ಹೊಸದಾಗಿ ಹಾಕುತ್ತದೆ. ಗ್ಯಾರೇಜಿನಲ್ಲಿ ಬದಲಿಸುವಾಗ ಆ ಲೆಕ್ಕ ನಿಮ್ಮ ಪಾಲಿಗೆ ಬರುತ್ತದೆ. ಹಾಗಾಗಿ ಅಶ್ವಶಕ್ತಿ ಎಷ್ಟು ಎಂದು ಕೇಳುವುದಕ್ಕೆ ಮುಂಚೆ ಈ ಐದು ವಿಷಯಗಳನ್ನು ನೋಡಬೇಕು.

1. ಎಂಜಿನ್ ಉದ್ದಕ್ಕೆ ಕೂರುತ್ತದೆಯೋ ಅಡ್ಡಕ್ಕೋ?

ನಿಮ್ಮ ಪದ್ಮಿನಿಯಲ್ಲಿ 1089 ಸಿಸಿ ಎಂಜಿನ್ ಕಾರಿನ ಉದ್ದಕ್ಕೆ ಕೂತಿದೆ. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಓಡುವುದು ಹಿಂದಿನ ಚಕ್ರಗಳ ಬಲದಿಂದ. ಎಸ್ಟೀಮ್ ಮುಂದಿನ ಚಕ್ರಗಳಿಂದ ಓಡುವ ಕಾರು. ಅದರ ಎಂಜಿನ್ ಅಡ್ಡಕ್ಕೆ ಕೂರುತ್ತದೆ, ಗೇರ್‌ಬಾಕ್ಸ್ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಆ ಗೇರ್‌ಬಾಕ್ಸ್ ನಿಮಗೆ ಉಪಯೋಗಕ್ಕೆ ಬಾರದು. ಆದರೆ ಎಸ್ಟೀಮ್‌ನ 1298 ಸಿಸಿ ಎಂಜಿನ್ನಿನ ಜಾತಿಯದೇ ಎಂಜಿನ್ ಜಿಪ್ಸಿಯಲ್ಲಿ ಉದ್ದಕ್ಕೆ ಕೂತಿದೆ. ಜಿಪ್ಸಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟು ಬೇರೆಯಾಗಿ ಕೂರಿಸಿದ್ದಾರೆ. ಆದ್ದರಿಂದ ಜಿಪ್ಸಿಯ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜೋಡಿಯಾಗಿ ತೆಗೆದು ಹಿಂದಿನ ಚಕ್ರದ ಕಾರಿಗೆ ಬಳಸಲು ಬರುತ್ತದೆ. ನಿಮ್ಮ ಗೆಳೆಯರು ಹೇಳಿದ ದಾರಿ ಸರಿ, ಎಂಜಿನ್ ತೆಗೆಯಬೇಕಾದ ಗಾಡಿ ಮಾತ್ರ ಬೇರೆ.

2. ತೂಕ ಎಷ್ಟು?

ಪದ್ಮಿನಿಯ ಇಡೀ ಕಾರಿನ ತೂಕವೇ 900 ಕಿಲೋದ ಆಸುಪಾಸು. ಮಟಡೋರ್ ಎಂಜಿನ್ ಎಂದು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕರೆಯುವುದು ಮರ್ಸಿಡಿಸ್ ವಿನ್ಯಾಸದ ಓಎಂ 616 ಡೀಸೆಲ್ ಎಂಜಿನ್ನನ್ನು. ನಿಮ್ಮ ಪಕ್ಕದ ಆಕುರ್ಡಿಯ ಬಜಾಜ್ ಟೆಂಪೊ, ಅಂದರೆ ಈಗಿನ ಫೋರ್ಸ್ ಮೋಟಾರ್ಸ್, ಟ್ರ್ಯಾಕ್ಸ್‌ನಂಥ ಗಾಡಿಗಳಿಗೆ ಬಳಸಿದ 2.4 ಲೀಟರ್ ಎಂಜಿನ್ ಅದು. ಗಟ್ಟಿಮುಟ್ಟಾದದ್ದು, ಬಿಡಿಭಾಗಗಳಿಗೆ ಪುಣೆಯಲ್ಲಿ ಬರವಿಲ್ಲ. ಆದರೆ ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ತೂಕ ಸುಮಾರು 200 ಕಿಲೋ. ಅಂಬಾಸಿಡರ್ ಅದನ್ನು ಹೇಗೋ ತಾಳಿಕೊಂಡಿತು. ಪದ್ಮಿನಿಯ ಮುಂಭಾಗದ ಸ್ಪ್ರಿಂಗುಗಳು ಕುಸಿಯುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ. ಜಿಪ್ಸಿ ಎಂಜಿನ್ನಿನಲ್ಲಿ ಬ್ಲಾಕ್ ಕೂಡ ಅಲ್ಯೂಮಿನಿಯಂ ಆದ್ದರಿಂದ ಈ ಚಿಂತೆ ಇಲ್ಲ.

3. ಕೆಳಗೆ ಜಾಗ ಇದೆಯೇ?

ಬಾನೆಟ್ ಎತ್ತಿ ನೋಡಿದರೆ ಜಾಗ ಬೇಕಾದಷ್ಟು ಕಾಣುತ್ತದೆ. ತೊಂದರೆ ಇರುವುದು ಕೆಳಗೆ. ಎಂಜಿನ್ನಿನ ಅಡಿಯ ಆಯಿಲ್ ಸಂಪ್‌ನ ಆಳವಾದ ಭಾಗ ಕೆಲವದರಲ್ಲಿ ಮುಂದೆ, ಕೆಲವದರಲ್ಲಿ ಹಿಂದೆ ಇರುತ್ತದೆ. ಕಾರಿನ ಕ್ರಾಸ್ ಮೆಂಬರ್, ಸ್ಟೀರಿಂಗ್ ರಾಡುಗಳು ಸರಿಯಾಗಿ ಅಲ್ಲಿಗೇ ಬಂದರೆ ಸಂಪನ್ನು ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಬೇಕಾಗುತ್ತದೆ. ಸಂಪ್ ಕತ್ತರಿಸುವುದಾದರೆ ಸರಿ, ಕ್ರಾಸ್ ಮೆಂಬರ್ ಕತ್ತರಿಸುತ್ತೇನೆ ಎನ್ನುವ ಮೆಕ್ಯಾನಿಕ್‌ಗೆ ಕೈಮುಗಿದು ಹೊರಡಿ. ಮುಂದಿನ ಚಕ್ರಗಳು ನಿಂತಿರುವುದೇ ಅದರ ಮೇಲೆ.

4. ಗೇರಿನ ಲೆಕ್ಕ ಕೂಡಿಬರುತ್ತದೆಯೇ?

ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ನಿಮ್ಮ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆ, ಹಿಂದಿನ ಆಕ್ಸಲಿನ ಅನುಪಾತ 4.3 ಎಂದು ಇಟ್ಟುಕೊಳ್ಳೋಣ. ಗಂಟೆಗೆ 80 ಕಿ.ಮೀ. ಎಂದರೆ ನಿಮಿಷಕ್ಕೆ 1333 ಮೀಟರ್. ಅದನ್ನು 1.9ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. 4.3ರಿಂದ ಗುಣಿಸಿದರೆ, ನೇರ ಗೇರಿನಲ್ಲಿ ಎಂಜಿನ್ ಸುಮಾರು 3000 ಸುತ್ತು ತಿರುಗುತ್ತದೆ. ಗಂಟೆಗೆ 100 ಕಿ.ಮೀ. ಆದರೆ ಸುಮಾರು 3750. ಪೆಟ್ರೋಲ್ ಎಂಜಿನ್ನಿಗೆ ಇದು ಕಷ್ಟವಲ್ಲ, ಆ ಹಳೆಯ ಡೀಸೆಲ್ ಎಂಜಿನ್ನಿಗೆ ಮಿತಿಯ ಹತ್ತಿರ. ಐದನೇ ಗೇರಿನ ಅನುಪಾತ 0.8 ಇದ್ದರೆ 80ರಲ್ಲಿ 3000 ಇಳಿದು 2400 ಆಗುತ್ತದೆ. ಹೆದ್ದಾರಿಯಲ್ಲಿ ಹಳೆಯ ಕಾರಿಗೆ ನೆಮ್ಮದಿ ತರುವುದು ಎಂಜಿನ್ನಿಗಿಂತ ಹೆಚ್ಚಾಗಿ ಈ ಐದನೇ ಗೇರು.

5. ಬ್ರೇಕ್ ಮತ್ತು ಬಿಸಿ

ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಓಡುವ ಕಾರನ್ನು 100ರಲ್ಲಿ ಓಡಿಸಿದರೆ ವೇಗ ಹೆಚ್ಚುವುದು ಕಾಲು ಪಾಲು, ಬ್ರೇಕಿಗೆ ಬೀಳುವ ಕೆಲಸ ಒಂದೂವರೆ ಪಟ್ಟು. ಆದ್ದರಿಂದ ಎಂಜಿನ್ನಿಗೆ ಎಷ್ಟು ದುಡ್ಡು ಎಂದು ಕೇಳುವಾಗಲೇ ಮುಂದಿನ ಬ್ರೇಕಿಗೆ ಎಷ್ಟು ಎಂದೂ ಕೇಳಿ. ಹಾಗೆಯೇ ರೇಡಿಯೇಟರ್. ಏಪ್ರಿಲ್ ತಿಂಗಳ ಮಧ್ಯಾಹ್ನ ಖಂಬಾಟ್ಕಿ ಘಾಟಿಯಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಗಾಳಿ ಒಳಗೆ ನುಗ್ಗುವುದಿಲ್ಲ, ಎಲ್ಲ ಭಾರ ಫ್ಯಾನ್ ಮತ್ತು ರೇಡಿಯೇಟರ್ ಮೇಲೆ. ಜಿಪ್ಸಿಯ ಹೊಸ ಮಾದರಿಗಳ ಎಂಪಿಎಫ್‌ಐ ಎಂಜಿನ್ನಾದರೆ ಕಂಪ್ಯೂಟರ್ ಪೆಟ್ಟಿಗೆ, ಸೆನ್ಸರುಗಳು, ಟ್ಯಾಂಕಿನಿಂದ ಒತ್ತಡದಲ್ಲಿ ಪೆಟ್ರೋಲ್ ಕಳಿಸುವ ಪಂಪು, ವೈರಿಂಗ್ ಎಲ್ಲವೂ ಜೊತೆಗೆ ಬರಬೇಕು.

ಈ ಐದನ್ನೂ ಕೂಡಿ ನೋಡಿದರೆ ಮೂರರಲ್ಲಿ ಕಡಿಮೆ ತಲೆನೋವಿನದು 118 ಎನ್‌ಇಯ ನಿಸಾನ್ ಎಂಜಿನ್: ಉದ್ದಕ್ಕೆ ಕೂರುತ್ತದೆ, ಕಾರ್ಬ್ಯುರೇಟರ್ ಇದೆ, ಶಕ್ತಿಯೂ ಮಿತವಾಗಿ ಹೆಚ್ಚು. ಜಿಪ್ಸಿಯದು ಹೆಚ್ಚು ಚುರುಕು, ಕೆಲಸವೂ ಹೆಚ್ಚು. ಡೀಸೆಲ್ ಎಂಜಿನ್ ನಿಮ್ಮ ಕಾರಿಗೆ ಹೊಂದುವುದಿಲ್ಲ. ಯಂತ್ರದ ಮಟ್ಟಿಗೆ ಉತ್ತರ ಇಷ್ಟೆ.

ಸೋದರಮಾವನಿಗೆ ಆಗಿದ್ದು ನನಗೇಕೆ ಆಗದು?

ಬಹಳ ಜನ ಎಡವುವುದು ಇಲ್ಲಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಮೊದಲು ಹೇಳುತ್ತಿದ್ದುದು ಇಷ್ಟು: ಗಾಡಿಯಲ್ಲಿ ಬದಲಾವಣೆ ಮಾಡುವವರು ನೋಂದಣಿ ಅಧಿಕಾರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಆರ್‌ಟಿಒ ಒಪ್ಪಿದರೆ ಹೊಸ ಎಂಜಿನ್, ಹೊಸ ಇಂಧನ ಆರ್‌ಸಿಯಲ್ಲಿ ದಾಖಲಾಗುತ್ತಿತ್ತು. ನಿಮ್ಮ ಸೋದರಮಾವನವರು ಮಾಡಿದ್ದು ಆಗಿನ ನಿಯಮದ ಪ್ರಕಾರ ಸರಿಯೇ ಇರಬೇಕು. 2000ದ ತಿದ್ದುಪಡಿ ಈ ಕಲಮನ್ನೇ ಬದಲಿಸಿತು. ತಯಾರಕರು ಮೂಲದಲ್ಲಿ ನಿಗದಿ ಮಾಡಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕರು ಗಾಡಿಯನ್ನು ಬದಲಿಸಕೂಡದು ಎಂದಾಯಿತು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಅಂದರೆ ಕಾರು ಅದೇ, ಕಲಂ ಸಂಖ್ಯೆಯೂ ಅದೇ. ಒಳಗಿನ ನಿಯಮ ಬೇರೆ.

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಪದ್ಮಿನಿಯದೇ ಇನ್ನೊಂದು ಎಂಜಿನ್ ಕೂರಿಸಿದರೆ ಮೂಲ ವಿವರ ಬದಲಾಗುವುದಿಲ್ಲ, ನಂಬರ್ ಮಾತ್ರ ಬದಲಾಗುತ್ತದೆ. ಆರ್‌ಟಿಒಗೆ ಮೊದಲೇ ತಿಳಿಸಿ, ಎಂಜಿನ್ ಎಲ್ಲಿಂದ ಬಂತೆಂಬ ಬಿಲ್ಲು ತೋರಿಸಿ ಹೊಸ ನಂಬರ್ ಬರೆಸಿಕೊಳ್ಳಿ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಯಿಸಲು ಕಾಯ್ದೆಯಲ್ಲಿ ಪ್ರತ್ಯೇಕ ಅವಕಾಶವಿದೆ, ಆದರೆ ಅನುಮೋದಿತ ಕಿಟ್ ಮೂಲಕ ಮಾತ್ರ. ಅಂಥ ಕಿಟ್‌ಗಳನ್ನು ಪರೀಕ್ಷಿಸುವ ಸಂಸ್ಥೆಗಳಲ್ಲಿ ನಿಮ್ಮ ಊರಿನ ವೇತಾಳ ಗುಡ್ಡದ ಮೇಲಿರುವ, 1966ರಲ್ಲಿ ಆರಂಭವಾದ ಎಆರ್‌ಎಐ ಒಂದು. ಆ ಪರೀಕ್ಷೆ ಕಿಟ್ ತಯಾರಿಸುವವರಿಗಾಗಿ ಇರುವುದು, ಮನೆಯ ಗ್ಯಾರೇಜಿನಲ್ಲಿ ಮಾಡಿದ ಒಂದು ಕಾರಿಗಲ್ಲ. ನಿಮ್ಮ ಮಾದರಿಗೆ ಅನುಮೋದಿತ ಕಿಟ್ ಇದೆಯೇ ಎಂದು ದುಡ್ಡು ಕೊಡುವ ಮೊದಲು ಲಿಖಿತವಾಗಿ ಕೇಳಿ.

ಹಾಗಾದರೆ ಏನು ಮಾಡುವುದು?

ಕಾರು ಖಾಸಗಿ ಜಾಗದಲ್ಲೇ ಇರುವ ಹವ್ಯಾಸದ ಗಾಡಿಯಾಗಿದ್ದರೆ ನಿಸಾನ್ ಎಂಜಿನ್ನಿನ ದಾರಿ ಹಿಡಿಯಿರಿ ಎನ್ನುತ್ತಿದ್ದೆ. ನೀವು ಬೆಳಗಾವಿಗೆ ಹೋಗಬೇಕೆನ್ನುತ್ತೀರಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಎಂಜಿನ್ ನಂಬರ್, ಚಾಸಿ ನಂಬರ್ ನೋಡುತ್ತಾರೆ. ಅಪಘಾತವಾದರೆ ವಿಮೆಯವರೂ ನೋಡುತ್ತಾರೆ. ಆದ್ದರಿಂದ ನನ್ನ ಸಲಹೆ: ಮೂಲ ಎಂಜಿನ್ನನ್ನೇ ಪೂರ್ತಿ ಬಿಚ್ಚಿಸಿ ಕಟ್ಟಿಸಿ.

ಬಿಚ್ಚಿಸುವ ಮುಂಚೆ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನದು, ಏರದಿದ್ದರೆ ಹೆಚ್ಚಾಗಿ ವಾಲ್ವಿನದು. ವಾಲ್ವು ಮಾತ್ರವಾದರೆ ಹೆಡ್ ಬಿಚ್ಚಿದರೆ ಸಾಕು, ಖರ್ಚು ಬಹಳ ಇಳಿಯುತ್ತದೆ. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು. ಕ್ರ್ಯಾಂಕ್ ಗ್ರೈಂಡಿಂಗ್ ಬೇಕೇ ಎಂಬುದನ್ನೂ ಆಗಲೇ ಅಳೆದು ನೋಡಲಿ. ಬಿಡಿಭಾಗಗಳಿಗೆ ಪುಣೆಯ ನಾನಾ ಪೇಟೆಯಲ್ಲಿ ವಿಚಾರಿಸಿ, ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಿ. ರೇಡಿಯೇಟರ್ ತೊಳೆಸಿ, ಕಾರ್ಬ್ಯುರೇಟರ್ ಸರಿಪಡಿಸಿ, ಬ್ರೇಕ್ ಹೊಸದು ಮಾಡಿಸಿ. ಕಟ್ಟಿದ 1089 ಸಿಸಿ ಎಂಜಿನ್ ಖಂಬಾಟ್ಕಿಯನ್ನು ಹಾರಿ ಹತ್ತುವುದಿಲ್ಲ, ಆದರೆ ನಿಲ್ಲದೆ ಹತ್ತುತ್ತದೆ.

ಇನ್ನೊಂದು ಲಾಭವೂ ಇದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂದು ‘ವಿಎ’ ಅಕ್ಷರಗಳಿರುವ ನಂಬರ್ ಪಡೆಯಬಹುದು. ಮುಖ್ಯ ಷರತ್ತು: ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ನಿಮ್ಮ ಕಾರಿಗೆ 2036ರಲ್ಲಿ ಆ ವಯಸ್ಸಾಗುತ್ತದೆ. ಅಂಥ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬುದು ನೆನಪಿರಲಿ. ಆದರೂ ಬೇಕೋ ಬೇಡವೋ ಎಂದು ಆಗ ನಿರ್ಧರಿಸುವ ಹಕ್ಕು ಈಗ ಕೈಬಿಡಬೇಡಿ.

ಕಂಪ್ರೆಶನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರಿಗೆ ಎಷ್ಟೆಷ್ಟು ಬಂತೆಂದು ಬರೆದು ತಿಳಿಸಿ. ಬೋರ್ ಮಾಡಿಸಬೇಕೋ, ಹೆಡ್ ಕೆಲಸ ಸಾಕೋ ಎಂಬುದನ್ನು ಅಂಕಿ ನೋಡಿ ಹೇಳಬಹುದು.