ಭಸ್ಮಾಸುರನ ಕಥೆ ಕೇಳಿಕೊಂಡೇ ಯಾಣ ನೋಡಿ

ಯಾಣದ ಬಂಡೆಗಳನ್ನು ಫೋಟೋದಲ್ಲಿ ಮಾತ್ರ ನೋಡಿದವರಿಗೆ ಅವುಗಳ ಎತ್ತರದ ಅಂದಾಜು ಸಿಗುವುದಿಲ್ಲ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ದಟ್ಟ ಕಾಡಿನಲ್ಲಿ ನಡೆದು, ಮೆಟ್ಟಿಲು ಹತ್ತಿ, ಮರಗಳ ಮರೆ ಸರಿದಾಗ ಎದುರಾಗುವುದು ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ. ಸ್ವಲ್ಪ ದೂರದಲ್ಲೇ 90 ಮೀಟರಿನ ಮೋಹಿನಿ ಶಿಖರ. ಎರಡೂ ಕಡುಗಪ್ಪು. ಸುತ್ತಲಿನ ಹಸಿರಿಗೂ ಈ ಕಪ್ಪಿಗೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ.

ಈ ಕಪ್ಪು ಎಲ್ಲಿಂದ ಬಂತು? ಊರಿನವರ ಬಳಿ ಉತ್ತರ ಸಿದ್ಧವಿದೆ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಸುಟ್ಟು ಬೂದಿಯಾಗಬೇಕೆಂದು ಭಸ್ಮಾಸುರ ಶಿವನಿಂದ ವರ ಪಡೆದ. ಆ ವರವನ್ನು ಪರೀಕ್ಷಿಸಲು ಶಿವನನ್ನೇ ಅಟ್ಟಿಸಿಕೊಂಡು ಹೊರಟ. ಆಗ ವಿಷ್ಣು ಮೋಹಿನಿಯಾಗಿ ಬಂದು ಅವನನ್ನು ಕುಣಿಸಿದ. ಮೋಹಿನಿ ತನ್ನ ತಲೆಯ ಮೇಲೆ ಕೈಯಿಟ್ಟಳು, ಅಸುರನೂ ಹಾಗೇ ಮಾಡಿ ಉರಿದುಹೋದ. ಆ ಬೆಂಕಿಯ ಝಳಕ್ಕೆ ಬಂಡೆಗಳು ಕರಕಲಾದವು, ಇಲ್ಲಿನ ಸಡಿಲವಾದ ಕಪ್ಪು ಮಣ್ಣೇ ಅವನ ಬೂದಿ ಎನ್ನುತ್ತಾರೆ.

ಇದೇ ಜಿಲ್ಲೆಯ ಯಕ್ಷಗಾನ ಕಂಡವರಿಗೆ ಈ ಕಥೆ ಪುಸ್ತಕದ್ದಲ್ಲ, ರಂಗಸ್ಥಳದ್ದು. ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನ ವೇಷವನ್ನು ಬಡಗುತಿಟ್ಟು ಶೈಲಿಯ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಆ ಪ್ರಸಂಗವನ್ನು ನೋಡಿದ ಕಣ್ಣಿಗೆ ಯಾಣದಲ್ಲಿ ಕಾಣುವುದು ಬರೀ ಎರಡು ಬಂಡೆಗಳಲ್ಲ, ಇಬ್ಬರು ಪಾತ್ರಧಾರಿಗಳು.

ಈ ಬಂಡೆಗಳು ಮೂಡಿದ ಬಗೆಗೆ ಭೂವಿಜ್ಞಾನ ಹೇಳುವ ಕಥೆ ಬೇರೆ. ಯಾಣದ ಶಿಖರಗಳು ಸುಣ್ಣಕಲ್ಲಿನವು. ಮಳೆನೀರು ಗಾಳಿಯಲ್ಲೂ ಮಣ್ಣಿನಲ್ಲೂ ಇರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣಕಲ್ಲಿಗೆ ಅಷ್ಟು ಸಾಕು. ಬಿರುಕಿನಲ್ಲಿ ಇಳಿದ ನೀರು ಕಲ್ಲನ್ನು ತುಸುತುಸುವೇ ಕರಗಿಸುತ್ತ ಬಿರುಕನ್ನು ಸಂದು ಮಾಡುತ್ತದೆ, ಸಂದನ್ನು ಗುಹೆ ಮಾಡುತ್ತದೆ. ಕರಗದೆ ಉಳಿದ ಭಾಗ ಗೋಡೆಯಾಗಿ, ಚೂಪು ಅಲಗಾಗಿ ನಿಲ್ಲುತ್ತದೆ. ಸಹ್ಯಾದ್ರಿಯ ಮಳೆ ಲಕ್ಷಾಂತರ ವರ್ಷ ಮಾಡಿದ ಕೆಲಸ ಇದು.

ಯಾಣ ನನಗೆ ಕಲಿಸಿದ್ದು ಇದನ್ನೇ. ಎರಡು ಕಥೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿಲ್ಲ. ಕಥೆ ಕಟ್ಟಿದವರು ಕಲ್ಲನ್ನು ಚೆನ್ನಾಗಿ ನೋಡಿದವರು. ಬಣ್ಣ, ಮಣ್ಣು, ನೀರು ಮೂರನ್ನೂ ಗಮನಿಸಿದ್ದಾರೆ. ವಿಜ್ಞಾನವೂ ಪ್ರಶ್ನೆ ಕೇಳುವುದು ಅವನ್ನೇ. ಐತಿಹ್ಯ ತಿಳಿದು ಹೋದವರು ಎಲ್ಲಿ ನಿಂತು ನೋಡಬೇಕೆಂದು ತಿಳಿದೇ ಹೋಗಿರುತ್ತಾರೆ.

ಭೈರವೇಶ್ವರ ಶಿಖರದ ಬುಡದ ಗುಹೆಯಲ್ಲಿ ಎರಡೂ ಕಥೆಗಳು ಕೂಡುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿರುವುದು ಉದ್ಭವಲಿಂಗ. ಮೇಲಿನ ಬಂಡೆಯಿಂದ ಅದರ ಮೇಲೆ ನೀರು ತೊಟ್ಟಿಕ್ಕುತ್ತದೆ. ಭಕ್ತರಿಗೆ ಅದು ಗಂಗೆ. ಬೆಟ್ಟವನ್ನು ಕೊರೆದದ್ದೂ ಅದೇ ನೀರು. ಪೂಜೆ ಮುಗಿಸಿ, ಬರಿಗಾಲಲ್ಲಿ ಬಂಡೆಯೊಳಗಿನ ಸಂದಿನಲ್ಲಿ ಪ್ರದಕ್ಷಿಣೆ ಹೋಗಬೇಕು. ಕಾಲ ಕೆಳಗೆ ತಣ್ಣನೆಯ ಒದ್ದೆ ಕಲ್ಲು, ಎರಡೂ ಬದಿ ಆಳೆತ್ತರವನ್ನು ಎಷ್ಟೋ ಪಾಲು ಮೀರಿದ ಗೋಡೆ, ತಲೆಯ ಮೇಲೆ ಸೀಳಿನಿಂದ ಇಳಿಯುವ ಬೆಳಕಿನ ಪಟ್ಟಿ. ಗೋಡೆಯ ಮೇಲೆ ಕೈಯಾಡಿಸಿದರೆ ನೀರು ಹರಿದು ಮೂಡಿಸಿದ ಗೀರುಗಳು ಬೆರಳಿಗೆ ಸಿಗುತ್ತವೆ.

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆ ಈ ಸೀಮೆಯದು. ಕಾಡಿನಲ್ಲಿ ಮೈಲಿಗಟ್ಟಲೆ ನಡೆಯುವ ಕಸುವು ಇದ್ದವರಿಗಷ್ಟೇ ಯಾಣ ಎಂಬ ಕಾಲ ಅದು. ಶಿವರಾತ್ರಿಯ ಜಾತ್ರೆಗೆ ಜನ ಹಾಗೇ ನಡೆದು ಬರುತ್ತಿದ್ದರು. ತೊಂಬತ್ತರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೇ’ ಸಿನಿಮಾ ಈ ಬಂಡೆಗಳನ್ನು ಕರ್ನಾಟಕದ ಮನೆಮನೆಗೂ ತೋರಿಸಿತು. ಈಗ ವಾಹನಗಳು ಹತ್ತಿರದವರೆಗೂ ಹೋಗುತ್ತವೆ, ನಡೆಯುವ ದಾರಿ ಚಿಕ್ಕದಾಗಿದೆ.

ದಾರಿ ಚಿಕ್ಕದಾದಷ್ಟೂ ಹೋಗುವವರ ಹೊಣೆ ದೊಡ್ಡದು. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಉಂಬಳಗಳ ಕಾಟವೂ ಇರುತ್ತದೆ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಒಳ್ಳೆಯದು. ಬೆಳಿಗ್ಗೆ ಬೇಗ ತಲುಪಿದರೆ ಗುಹೆಯಲ್ಲಿ ಗದ್ದಲವಿರುವುದಿಲ್ಲ, ಅರ್ಚಕರಿಗೂ ಮಾತಾಡಲು ಬಿಡುವಿರುತ್ತದೆ. ಬಂಡೆಯ ಚಾಚುಗಳ ಕೆಳಗೆ ಹೆಜ್ಜೇನಿನ ಹುಟ್ಟುಗಳು ತೂಗುತ್ತಿರುತ್ತವೆ. ಆದ್ದರಿಂದ ಕೂಗಾಟ, ಹೊಗೆ ಬೇಡವೇ ಬೇಡ. ಕಲ್ಲಿನ ಮೇಲೆ ಹೆಸರು ಕೆತ್ತುವುದಂತೂ ಸಲ್ಲದು, ಸುಣ್ಣಕಲ್ಲಿಗೆ ಆದ ಗಾಯ ಮಾಯುವುದಿಲ್ಲ. ನೀರಿನ ಬಾಟಲಿ, ತಿಂಡಿಯ ಪೊಟ್ಟಣ ತಂದವರ ಜೊತೆಗೇ ವಾಪಸು ಹೋಗಬೇಕು.

ಇನ್ನೊಂದು ಮಾತು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಹಿಂದಿನ ರಾತ್ರಿಯೇ ಭಸ್ಮಾಸುರನ ಕಥೆ ಹೇಳಿಬಿಡಿ. ಬಂಡೆಯ ಬುಡದಲ್ಲಿ ನಿಂತು ಮಳೆಯ ಕಥೆ ಹೇಳಿ.