ಕಿವಿ ಸೋರಿದರೆ ಎಣ್ಣೆ ಬೇಡ

ಸರ್ಕ್ಯೂಟ್ ಕ್ಲಾಸಿನಲ್ಲಿ ನಾವು ಓದೋ ಇಂಪೀಡೆನ್ಸ್ ಮ್ಯಾಚಿಂಗ್ ನಮ್ಮ ಕಿವಿಯಲ್ಲೇ ಇದೆ. ಗಾಳಿಯಲ್ಲಿ ಬಂದ ಶಬ್ದ ಒಳಕಿವಿಯ ದ್ರವಕ್ಕೆ ನೇರವಾಗಿ ಬಡಿದರೆ ಬಹುಪಾಲು ವಾಪಸ್ ಹೋಗಿಬಿಡುತ್ತದೆ. ಆದ್ದರಿಂದ ನಡುಕಿವಿ ಟ್ರಾನ್ಸ್‌ಫಾರ್ಮರ್ ತರ ಕೆಲಸ ಮಾಡುತ್ತದೆ. ಕಿವಿಯ ತಮಟೆಯ ವಿಸ್ತೀರ್ಣ, ಒಳಕಿವಿಯ ಕಿಂಡಿಯದರ ಸುಮಾರು 17 ಪಟ್ಟು. ನಡುವಿನ ಮೂರು ಪುಟ್ಟ ಮೂಳೆಗಳು ಸನ್ನೆಯಂತೆ ಇನ್ನೂ 1.3 ಪಟ್ಟು ಕೊಡುತ್ತವೆ. ಗುಣಿಸಿ ನೋಡಿ: ಒತ್ತಡ 22 ಪಟ್ಟು, ಅಂದರೆ ಸುಮಾರು 27 ಡೆಸಿಬೆಲ್!

ಕಿವಿ ವರ್ಷಗಟ್ಟಲೆ ಸೋರಿದರೆ ತಮಟೆಯಲ್ಲಿ ತೂತು ಉಳಿಯುತ್ತದೆ, ಮೂಳೆಯೂ ಸವೆಯಬಹುದು. ಈ ಲಾಭವೆಲ್ಲ ಕೈತಪ್ಪುತ್ತದೆ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ "ಎಣ್ಣೆ ಬಿಡು, ಸರಿಹೋಯ್ತದೆ" ಅನ್ನೋರು ಇದ್ದಾರೆ. ತೂತಿದ್ದರೆ ಆ ಎಣ್ಣೆ ನಡುಕಿವಿಗೇ ಇಳಿದು ಸೋಂಕು ಹೆಚ್ಚಬಹುದು.

ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೀನ್ ಮತ್ತು ಜೋಲ್ನರ್ ರೂಪಿಸಿದ ಟಿಂಪನೋಪ್ಲಾಸ್ಟಿ ಅದು. ಈಗ ಸಾಮಾನ್ಯವಾಗಿ ಕಿವಿಯ ಮೇಲ್ಗಡೆಯ ಸ್ನಾಯುವಿನ ತೆಳು ಹೊದಿಕೆಯನ್ನೇ ತೆಗೆದು ತೂತಿಗೆ ತೇಪೆ ಹಾಕುತ್ತಾರೆ. ಮೂಳೆ ಹಾಳಾಗಿದ್ದರೆ ಆ ಸನ್ನೆಯನ್ನೂ ಮತ್ತೆ ಜೋಡಿಸುತ್ತಾರೆ.

ಮಂಡ್ಯದಲ್ಲೇ ಮಿಮ್ಸ್ ಇದೆ. ಶ್ರವಣ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಯಿದೆ. ಊರಿಗೆ ಹೋದಾಗ ಕಿವಿ ಸೋರೋ ಮಗು ಕಂಡರೆ ಇಷ್ಟು ಹೇಳೋಣ: ಎಣ್ಣೆ ಬೇಡ, ನೀರು ಹೋಗದಂತೆ ನೋಡಿಕೊಳ್ಳಿ, ಡಾಕ್ಟರಿಗೆ ತೋರಿಸಿ.